ಹೆಣವಲ್ಲದ ಕೆರೆಗೆ ಶೃಂಗಾರ

‘ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು.’ ಊರಿಗಾಗಿ ದುಡಿದು ಸವೆದು, ಕೊನೆಗೆ ಯಾರಿಗೂ ಬೇಡವಾದವರ ಬಾಯಲ್ಲಿ ಈ ಗಾದೆಯ ಮೊದಲರ್ಧ ನಿಟ್ಟುಸಿರಿನ ಜೊತೆಗೇ ಬರುತ್ತದೆ. ಎರಡನೆಯ ಅರ್ಧ ಪ್ರಾಸಕ್ಕೆ ಸೇರಿಕೊಂಡದ್ದೆಂದು ಬಿಟ್ಟುಬಿಡುವವರೇ ಹೆಚ್ಚು. ಮುಂಬಯಿಯ ಪವಾಯಿ ಕೆರೆಯನ್ನು ಮುಂದಿಟ್ಟುಕೊಂಡು ಓದಿದರೆ, ಬಿಡಬಾರದ ಅರ್ಧ ಅದೇ ಅನ್ನಿಸುತ್ತದೆ.

ಮೊದಲು ಉಪಕಾರ. 19ನೇ ಶತಮಾನದ ಕೊನೆಯಲ್ಲಿ ಮುಂಬಯಿಯ ಬಾಯಾರಿಕೆ ನೀಗಲೆಂದು ಗುಡ್ಡಗಳ ನಡುವೆ ಒಡ್ಡು ಕಟ್ಟಿ ಮಾಡಿದ ಕೆರೆಯಿದು. ನೀರು ಕುಡಿಯಲು ಯೋಗ್ಯವಲ್ಲ ಎಂದಾದ ಮೇಲೆ ಕಾರ್ಖಾನೆಗಳಿಗೆ, ಹತ್ತಿರದ ಆರೆ ಕಾಲನಿಗೆ ಒದಗಿತು. ಸುಮಾರು 545 ಕೋಟಿ ಲೀಟರ್ ಹಿಡಿಸುವ ಈ ಕೆರೆ ಮಳೆನೀರನ್ನು ತಡೆದಿಟ್ಟುಕೊಂಡು, ತುಂಬಿ ಕೋಡಿ ಬಿದ್ದಾಗಲಷ್ಟೇ ಮೀಠಿ ನದಿಗೆ ಬಿಡುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 944 ಮಿ.ಮೀ. ಮಳೆ ಸುರಿದು ಮೀಠಿ ಉಕ್ಕಿದ್ದನ್ನು ಕಂಡ ಊರಿಗೆ, ನೀರು ನಿಲ್ಲುವ ಜಾಗದ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಿಲ್ಲ.

ಆದರೂ ಊರು ಕೆರೆಗೆ ಹರಿಸಿದ್ದು ಚರಂಡಿಯನ್ನು. ಪಾಲಿಕೆಯ ಲೆಕ್ಕದಲ್ಲೇ ದಿನಕ್ಕೆ ಸುಮಾರು 1.8 ಕೋಟಿ ಲೀಟರ್ ಕೊಳಚೆ ಒಳಗೆ ಬರುತ್ತದೆ. ಅದರಲ್ಲಿರುವ ಸಾರಜನಕ, ರಂಜಕಗಳನ್ನುಂಡು ಅಂತರಗಂಗೆ ಕೊಬ್ಬುತ್ತದೆ. ದಡದಲ್ಲಿ ಒಂದು ಗಿಡ ಎಳೆದು ನೋಡಿ: ಮೇಲೆ ಚೆಂದದ ನೇರಳೆ ಹೂವು, ಗಾಳಿ ತುಂಬಿ ಉಬ್ಬಿದ ತೊಟ್ಟು, ಕೆಳಗೆ ಬಿಚ್ಚಿದ ಜಡೆಯಂತೆ ಕರಿ ಬೇರು, ಬೇರಿನ ಎಳೆಎಳೆಗೂ ನಾರುವ ಕೆಸರು. ನೀರಿಗೆ ಬಿಸಿಲು ಬೀಳದಂತೆ ಮುಚ್ಚುವುದು ಇದೇ, ಕೊಳೆತು ಮೀನಿನ ಉಸಿರು ಕಟ್ಟಿಸುವುದೂ ಇದೇ.

ಇನ್ನು ಶೃಂಗಾರ. 2021ರಲ್ಲಿ ಕೆರೆಯ ಸುತ್ತ ಸೈಕಲ್ ಮತ್ತು ಜಾಗಿಂಗ್ ಪಥದ ಕೆಲಸ ಶುರುವಾಯಿತು. ಕಲ್ಲು ತುಂಬಿದ ತಂತಿಬುಟ್ಟಿಗಳನ್ನು ದಡದಲ್ಲಿ ಜೋಡಿಸುವ ‘ಗೇಬಿಯನ್’ ತಂತ್ರಜ್ಞಾನ ಇದು, ನೀರು ಇಂಗುತ್ತದೆ, ಕಾಂಕ್ರೀಟು ಅಲ್ಲ ಎಂದು ಪಾಲಿಕೆ ವಾದಿಸಿತು. ಆರೋಗ್ಯ, ಕ್ರೀಡೆ, ಪ್ರವಾಸ ಎಂಬ ಮಾತುಗಳಿಗೆ ಬೇಡ ಅನ್ನುವವರು ಯಾರು? ಸೈಕಲ್ ಬೇಕು ಎಂಬುದೇ ನನ್ನ ಅಭಿಪ್ರಾಯವೂ. ಆದರೆ ಹಾಲು, ಪೇಪರು ಹಾಕುವವರು ದಿನವೂ ಸೈಕಲ್ ತುಳಿಯುವುದು ಕೆರೆ ಪಕ್ಕದ ಜೋಗೇಶ್ವರಿ–ವಿಕ್ರೋಲಿ ಲಿಂಕ್ ರಸ್ತೆಯಂಥ ಕಡೆ, ಲಾರಿ ಬಸ್ಸುಗಳ ಮಗ್ಗುಲಲ್ಲಿ. ಪಥ ಬೇಕಾದದ್ದು ಅವರಿಗೆ, ಆ ರಸ್ತೆಯಲ್ಲಿ. ಆಟದ ಹೆಸರಲ್ಲಿ ಕೆರೆ ಕಳೆದುಕೊಂಡ ಪಾಠ ನಮ್ಮ ಬೆಂಗಳೂರಿನದೂ ಹೌದು: ಸಂಪಂಗಿ ಕೆರೆಯಿದ್ದಲ್ಲಿ ಇಂದು ಕಂಠೀರವ ಕ್ರೀಡಾಂಗಣವಿದೆ.

ಹೆಣಕ್ಕೆ ಮಾಡುವ ಸಿಂಗಾರ ನೋಡುವವರಿಗಾಗಿ. ಮಾಡಿಸಿಕೊಂಡದ್ದಕ್ಕೆ ಅದರ ಅರಿವಿಲ್ಲ. ಗಾದೆಯ ಈ ತುದಿಯಲ್ಲೇ ಪವಾಯಿಯ ಸಂಕಟವಿರುವುದು. ಕೊಳಚೆ ನಿಲ್ಲಿಸದೆ ದಡಕ್ಕೆ ಒಡವೆ ತೊಡಿಸಲು ಹೊರಟವರು ಕೆರೆ ಸತ್ತಿದೆ ಎಂದೇ ತೀರ್ಮಾನಿಸಿದಂತಾಯಿತು. ಕೆರೆ ಸತ್ತಿಲ್ಲ. ಅಲ್ಲಿ ಮೊಸಳೆಗಳಿವೆ, 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆ ಪಡೆದವು. ಬಿಸಿಲು ಕಾಯಲು, ಮೊಟ್ಟೆ ಇಡಲು ಅವಕ್ಕೆ ಇಳಿಜಾರಿನ ಮಣ್ಣಿನ ದಡ ಬೇಕು. ತಂತಿಬುಟ್ಟಿಯ ಕಲ್ಲಿನ ಗೋಡೆ ಹತ್ತಿ ಅವು ಎಲ್ಲಿಗೆ ಹೋಗಬೇಕು?

ಇದನ್ನು ಕೇಳಿದವರು ಪಕ್ಕದ ಐಐಟಿಯ ವಿದ್ಯಾರ್ಥಿಗಳು ಮತ್ತು ವನಶಕ್ತಿ ಎಂಬ ಪರಿಸರ ಸಂಸ್ಥೆ. 2022ರ ಮೇ 6ರಂದು ಬಾಂಬೆ ಹೈಕೋರ್ಟ್, ಕಾಮಗಾರಿ 2017ರ ಜೌಗು ಪ್ರದೇಶ ನಿಯಮಗಳಿಗೆ ವಿರುದ್ಧವೆಂದು ಹೇಳಿ, ಹಾಕಿದ್ದನ್ನೆಲ್ಲ ತೆಗೆದು ಜಾಗವನ್ನು ಮೊದಲಿನಂತೆ ಮಾಡಬೇಕೆಂದು ಆದೇಶಿಸಿತು. ಓದುವ ಹುಡುಗರು ಕೆರೆಗಾಗಿ ಕೋರ್ಟಿನ ಮೆಟ್ಟಿಲು ಹತ್ತಿದ್ದು ನನಗೆ ತುಂಬ ದೊಡ್ಡದಾಗಿ ಕಾಣುತ್ತದೆ. ಊರು ಅರಿಯದ ಉಪಕಾರವನ್ನು ಊರಿಗೆ ಹೊಸದಾಗಿ ಬಂದವರು ಅರಿತರು.

ಆದರೆ ತೀರ್ಪು ತಡೆದದ್ದು ಶೃಂಗಾರವನ್ನು. ಕೊಳಚೆಯನ್ನು ತಿರುಗಿಸುವ ಪೈಪು, ಶುದ್ಧೀಕರಣ ಘಟಕ ಆಗಬೇಕಾದ ಕೆಲಸ. ಅದಕ್ಕೆ ಪಾಲಿಕೆಯನ್ನು ಪೀಡಿಸಲೇಬೇಕು. ಜೊತೆಗೆ, ಕೆರೆ ಕಾಣುವ ಫ್ಲ್ಯಾಟಿಗೆ ಹೆಚ್ಚು ದುಡ್ಡು ಕೊಟ್ಟವರು ಮುಂದಿನ ಸೊಸೈಟಿ ಮೀಟಿಂಗಿನಲ್ಲಿ ಪಾರ್ಕಿಂಗಿನ ಜಗಳಕ್ಕೂ ಮೊದಲು ಎದ್ದುನಿಂತು, ನಮ್ಮ ಕಟ್ಟಡದ ಚರಂಡಿ ಎಲ್ಲಿಗೆ ಸೇರುತ್ತದೆ, ನಕ್ಷೆ ತೋರಿಸಿ ಎಂದು ಸೆಕ್ರೆಟರಿಯನ್ನು ಕೇಳಬೇಕು.