ವ್ಯಸನತ್ಯಾಗದಲ್ಲಿ ಸಂಗದ ಹೊಣೆ

ಧೂಮಪಾನವನ್ನು ಬಿಡುವುದು ಒಬ್ಬನ ಸ್ವಂತ ಛಲದ ಕಾರ್ಯವೋ, ಅವನ ನೆರೆಹೊರೆಯವರ ಹೊಣೆಯೂ ಅದರಲ್ಲಿ ಸೇರಿದೆಯೋ ಎಂಬುದು ವಿಚಾರಾರ್ಹವಾದ ಪ್ರಶ್ನೆ. “ಚಟ ಹಚ್ಚಿಕೊಂಡವನು ಅವನು, ಬಿಡತಕ್ಕವನೂ ಅವನೇ” ಎಂಬ ಮಾತು ಲೋಕದಲ್ಲಿ ರೂಢವಾಗಿದೆ. ಮಾಡಿದವನೇ ಉಣ್ಣಬೇಕೆಂಬ ನಿಯಮಕ್ಕೆ ಇದು ಒಪ್ಪುವಂತೆಯೂ ತೋರುತ್ತದೆ. ಮತ್ತೊಬ್ಬರು ನೆರವಾದರೆ ಆತನ ಆತ್ಮಬಲವೇ ಕುಗ್ಗೀತೆಂದು ಶಂಕಿಸುವವರೂ ಇದ್ದಾರೆ. ಈ ಪೂರ್ವಪಕ್ಷವನ್ನು ಹಗುರವಾಗಿ ತಳ್ಳಿಹಾಕಲಾಗದು.

ಆದರೆ ಚಟವು ಬಂದ ದಾರಿಯನ್ನು ಮೊದಲು ನೋಡಬೇಕು. ಹೊಗೆಸೊಪ್ಪು ಈ ನೆಲದ ಬೆಳೆಯಲ್ಲ. ಹನ್ನೆರಡನೆಯ ಶತಮಾನದ ಶರಣರು ಅದನ್ನು ಕಂಡವರಲ್ಲ. ಅದು ಕಡಲಾಚೆಯಿಂದ ಬಂದುದು. ಹದಿನೇಳನೆಯ ಶತಮಾನದ ಆರಂಭದಲ್ಲಿ ಅಕ್ಬರನ ಕಡೆಯಿಂದ ಬಿಜಾಪುರಕ್ಕೆ ಬಂದಿದ್ದ ಅಸದ್ ಬೇಗನು ಅದನ್ನು ಇಲ್ಲಿ ಕಂಡು, ಬಾದಶಹನ ಆಸ್ಥಾನಕ್ಕೆ ಅಪೂರ್ವ ಕಾಣಿಕೆಯೆಂದು ಒಯ್ದನು. ಅಂದಿನಿಂದಲೂ ಅದು ಕೈಯಿಂದ ಕೈಗೆ, ಸ್ನೇಹದ ಕುರುಹಾಗಿ, ಮರ್ಯಾದೆಯ ಉಪಚಾರವಾಗಿ ಸಂಚರಿಸುತ್ತ ಬಂದಿದೆ. ತರುಣನ ಮೊದಲ ಬೀಡಿಯು ಬಹುಮಟ್ಟಿಗೆ ಗೆಳೆಯನು ನೀಡಿದ್ದು. ಜಾತ್ರೆಯಲ್ಲಿಯೋ ಮದುವೆಯ ಹಂದರದಲ್ಲಿಯೋ ಮತ್ತೊಬ್ಬನ ಕಡ್ಡಿಯಿಂದ ಹೊತ್ತಿದ್ದು. ಹಚ್ಚಿಕೊಂಡವನು ಅವನೇ ಎಂಬುದು ಅರ್ಧಸತ್ಯ. ಕಡ್ಡಿ ಗೀರಿದವರು ಯಾರೆಂಬುದು ಉಳಿದ ಅರ್ಧ. ಸಂಗದಿಂದ ಬಂದ ವ್ಯಸನದಲ್ಲಿ ಸಂಗಕ್ಕೆ ಪಾಲಿಲ್ಲವೆನ್ನುವುದು ನ್ಯಾಯವಾಗದು.

ಇನ್ನು ದೇಹಧರ್ಮದ ವಿಷಯ. ಸೇದಿದ ಹೊಗೆಯಲ್ಲಿಯ ನಿಕೋಟಿನ್ ಎಂಬ ವಸ್ತುವು ಹತ್ತು ಇಪ್ಪತ್ತು ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ಅದಕ್ಕೆ ಒಗ್ಗಿಹೋದ ಮಿದುಳು, ಅದು ದೊರೆಯದಾದಾಗ ಸಿಡಿಮಿಡಿಗೊಳ್ಳುತ್ತದೆ. ನಿದ್ರೆ ಕೆಡುತ್ತದೆ, ಚಿತ್ತ ನಿಲ್ಲದು. ಮೊದಲ ಎರಡು ಮೂರು ದಿನ ಈ ಬಾಧೆ ಅತ್ಯಂತ ತೀವ್ರ. ಸಾಮಾನ್ಯವಾಗಿ ಮೂರು ನಾಲ್ಕು ವಾರಗಳಲ್ಲಿ ಅದು ತಗ್ಗುತ್ತದೆ. ಯಾರ ನೆರವೂ ಇಲ್ಲದೆ ಬಿಡಲು ಯತ್ನಿಸಿದ ನೂರು ಜನರಲ್ಲಿ ಆರು ತಿಂಗಳು, ವರ್ಷದ ಮೇಲೆಯೂ ಸ್ಥಿರವಾಗಿ ನಿಲ್ಲುವವರು ಮೂರರಿಂದ ಐದು ಮಂದಿ ಮಾತ್ರವೆಂದು ಸಂಶೋಧಕರು ಕಂಡುಕೊಂಡಿದ್ದಾರೆ. ಉಳಿದವರೆಲ್ಲ ಸುಳ್ಳರೆಂದು ಇದರ ಅರ್ಥವಲ್ಲ. ಸಂಕಲ್ಪವು ಒಂದು ಗಳಿಗೆಯದು. ಬಯಕೆಯಾದರೋ ದಿನಕ್ಕೆ ಹತ್ತು ಬಾರಿ ಬಂದು ಬಾಗಿಲು ತಟ್ಟುವಂಥದು. ಬಾವಿಗೆ ಬಿದ್ದವನು ಹಗ್ಗವನ್ನು ತನ್ನ ಕೈಯಿಂದಲೇ ಹಿಡಿಯಬೇಕು, ನಿಜ. ಆದರೆ ಹಗ್ಗವನ್ನು ಇಳಿಬಿಡತಕ್ಕವರು ಮೇಲಿದ್ದವರು. ಮೇಲಿನವರು ಎಳೆದರೆಂದು ಹಿಡಿದವನ ಕೈಬಲಕ್ಕೆ ಕುಂದೇನೂ ಇಲ್ಲ.

ಈ ತತ್ತ್ವವನ್ನು ಆಚರಣೆಗೆ ತಂದವರಲ್ಲಿ ಇಳಕಲ್ಲಿನ ಚಿತ್ತರಗಿ ಸಂಸ್ಥಾನ ಮಠದ ಶ್ರೀ ಮಹಾಂತ ಸ್ವಾಮಿಗಳು ಸ್ಮರಣೀಯರು. ೧೯೭೫ರಲ್ಲಿ ಅವರು ಆರಂಭಿಸಿದ ‘ಮಹಾಂತ ಜೋಳಿಗೆ’ಯು ಕಾಳನ್ನೂ ಕಾಸನ್ನೂ ಬೇಡಲಿಲ್ಲ, ಮನೆಮನೆಗೆ ಹೋಗಿ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿತು. ಶ್ರೀಗಳು ೨೦೧೮ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ ೧ನ್ನು ರಾಜ್ಯ ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಈ ಕ್ರಮದಲ್ಲಿ ಅಡಗಿರುವ ಸೂಕ್ಷ್ಮವನ್ನು ಗಮನಿಸಬೇಕು. ಬೈಯುವವನು ಮೇಲಿನ ಮೆಟ್ಟಿಲಲ್ಲಿ ನಿಂತಿರುತ್ತಾನೆ. ಬೇಡುವವನು ಕೆಳಗಿನ ಮೆಟ್ಟಿಲಲ್ಲಿ. ಬೈಯುವವನ ಮುಂದೆ ವ್ಯಸನಿಯು ಅಪರಾಧಿ. ಬೇಡುವವನ ಮುಂದೆ ಅವನೇ ದಾನಿ. ನಾಚಿಕೆಯಿಂದ ಮುಚ್ಚಿಟ್ಟದ್ದನ್ನು ಮರ್ಯಾದೆಯಿಂದ ಹೊರಗಿಡುವ ಅವಕಾಶ ಅವನಿಗೆ ಒದಗುತ್ತದೆ. ಕೊಟ್ಟ ಭಿಕ್ಷೆಯನ್ನು ಮರಳಿ ಪಡೆಯಬಾರದೆಂಬುದನ್ನು ಈ ನಾಡಿನವರಿಗೆ ಯಾರೂ ಕಲಿಸಬೇಕಾಗಿಲ್ಲ.

ಆದರೆ ಜೋಳಿಗೆಯು ಮುಂದಿನ ಓಣಿಗೆ ಸಾಗುತ್ತದೆ; ಕೊಟ್ಟವನು ಅಲ್ಲಿಯೇ ಉಳಿಯುತ್ತಾನೆ. ಮರುದಿನ ಅವನಿಗೆ ಅದೇ ಚಹದ ಅಂಗಡಿ, ಅದೇ ಕಟ್ಟೆ, ಅದೇ ಗೆಳೆಯರು. ಊರ ಮುಂದೆ ಮಾಡಿದ ಪ್ರತಿಜ್ಞೆ ಮೂರನೆಯ ಸಂಜೆ ಮುರಿದುಬಿದ್ದರೆ ಅವನು ಕೊಟ್ಟಿಗೆಯ ಹಿಂದೆ ಅಡಗಿ ಸೇದುವನು. ಒಂದು ವ್ಯಸನಕ್ಕೆ ಅಸತ್ಯವೆಂಬ ಇನ್ನೊಂದು ಸೇರುವುದು. ಆದುದರಿಂದ ಬೇಡಿದ ಊರಿನ ಕರ್ತವ್ಯವು ಬೇಡಿಕೆಯಲ್ಲಿಗೆ ಮುಗಿಯದು, ಅಲ್ಲಿಂದ ಆರಂಭವಾಗುತ್ತದೆ. ಅವನಿದ್ದ ಕಡೆ ಬೀಡಿ ಹೊತ್ತಿಸದಿರುವುದು; ಮೊದಲ ವಾರದ ಸಿಡುಕನ್ನು ಮನೆಯವರು ಸೈರಿಸುವುದು; ಪ್ರತಿ ಸಂಜೆಯೂ ಒಬ್ಬರು ಹೋಗಿ ಯೋಗಕ್ಷೇಮ ಕೇಳುವುದು; ಎಡವಿದಾಗ “ಬುದ್ಧಿಯಿಲ್ಲದವನು” ಎಂದು ಹಳಿಯದೆ “ಯಾವ ಹೊತ್ತಿನಲ್ಲಿ ಆಸೆ ಬಂತು, ಜೊತೆಗೆ ಯಾರಿದ್ದರು?” ಎಂದು ವಿಚಾರಿಸಿ, ಮತ್ತೆ ಮೊದಲಿನಿಂದ ತೊಡಗುವಂತೆ ಮಾಡುವುದು—ಇವೆಲ್ಲ ಖರ್ಚಿಲ್ಲದ, ಆದರೆ ತಾಳ್ಮೆ ಬೇಡುವ ಸೇವೆಗಳು.

ವೈದ್ಯರ ನೆರವೂ ಇಂದು ದೂರವಿಲ್ಲ. ೨೦೦೨ರಲ್ಲಿ ದೇಶದ ೧೩ ಸ್ಥಳಗಳಲ್ಲಿ ತಂಬಾಕು ಬಿಡಿಸುವ ಚಿಕಿತ್ಸಾಲಯಗಳು ತೆರೆದಾಗ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಅವುಗಳಲ್ಲಿ ಸೇರಿತ್ತು. ೨೦೧೬ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ೧೮೦೦-೧೧-೨೩೫೬ ಎಂಬ ಶುಲ್ಕರಹಿತ ದೂರವಾಣಿಯಲ್ಲಿ ಸಲಹೆ ದೊರೆಯುತ್ತದೆ. ಬಾಧೆ ಹೆಚ್ಚಾದವರಿಗೆ ವೈದ್ಯರು ಔಷಧವನ್ನೂ ಕೊಡಬಲ್ಲರು. ಸಂಕೋಚದಿಂದ ಹಿಂಜರಿಯುವವನ ಜೊತೆಗೆ ಆಸ್ಪತ್ರೆಯ ಬಾಗಿಲವರೆಗೆ ನಡೆದುಹೋಗುವುದೂ ದಾಸೋಹವೇ. ದಾಸೋಹವು ಅನ್ನಕ್ಕಷ್ಟೇ ಸೀಮಿತವಾದುದಲ್ಲ.

ಹಾಗಾದರೆ ಬಿಡುವವನ ಹೊಣೆ ಕಳೆಯಿತೆ? ಇಲ್ಲ. ಅವನ ಪರವಾಗಿ ಬೇರೊಬ್ಬನು ಬಿಡಲಾರನು, ತ್ಯಾಗಕ್ಕೆ ಪ್ರತಿನಿಧಿಯಿಲ್ಲ. ಆದರೆ ದಾನವಿದ್ದಲ್ಲಿ ಋಣವೂ ಇದೆ. ಆ ಋಣವು ಪಡೆದವನದು. ಒಬ್ಬನ ಬೀಡಿಯ ಕಟ್ಟನ್ನು ಭಿಕ್ಷೆಯಾಗಿ ಪಡೆದ ಊರು ಅವನಿಗೆ ಋಣಿಯಾಗಿರುತ್ತದೆ. ಅವನ ಬರಿಗೈ ನಡುಗುವ ಸಂಜೆಗಳಲ್ಲಿ ಬಳಿ ಕುಳಿತೇ ಆ ಋಣವನ್ನು ತೀರಿಸಬೇಕು. ಹಾಗೆ ಕುಳಿತುಕೊಳ್ಳಲು ಸಿದ್ಧರಿಲ್ಲದವರು ಜೋಳಿಗೆಯನ್ನು ಹೆಗಲಿಗೇರಿಸದಿರುವುದೇ ಲೇಸು.