ಪೆಟ್ಟು ಬಿದ್ದದ್ದು ಯಾರ ಮೈಗೆ?

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಗಳಲ್ಲಿ ಗಾಳಿ ಸೋಂಕಿತು, ದೆವ್ವ ಮೈಮೇಲೆ ಬಂತು ಎಂಬ ಮಾತನ್ನು ಕೇಳದವರು ವಿರಳ. ಅಂಥವರನ್ನು ಹುಣಸೆಯ ಬರಲಿನಿಂದ ಹೊಡೆಯುವದೂ ಮೂಗಿಗೆ ಮೆಣಸಿನಕಾಯಿಯ ಹೊಗೆ ಹಿಡಿಯುವದೂ ಉಂಟು. ಯಾಕೆಂದು ಕೇಳಿದರೆ ಬಿಡಿಸುವವನು, ನಾನು ಹೊಡೆಯುವದು ಹುಡುಗಿಯನ್ನಲ್ಲ, ಒಳಗಿರುವದನ್ನು ಎಂದು ಉತ್ತರಕೊಡುವನು. ಈ ಉತ್ತರವು ನ್ಯಾಯವಾದದ್ದೋ? ದೆವ್ವಕ್ಕೆ ಮೈಯಿಲ್ಲವೆಂದು ಆತನೇ ಹೇಳುವನು. ಮೈಯಿಲ್ಲದ್ದಕ್ಕೆ ಬರಲಿನ ಉರಿ ಹೇಗೆ ತಾಕೀತು?

ಫೌಜದಾರನು ಬಂದರೆ ಒಳಗೆ ಯಾರಿದ್ದರೆಂದು ವಿಚಾರಿಸುವದಿಲ್ಲ. ಬಾಸುಂಡೆ ಯಾರ ಬೆನ್ನ ಮೇಲಿದೆ, ಕೋಲು ಯಾರ ಕೈಯಲ್ಲಿತ್ತು ಎಂದು ಕೇಳುವನು. ಅಮಾನುಷ ದುಷ್ಟಾಚಾರಗಳನ್ನೂ ವಾಮಾಚಾರವನ್ನೂ ತಡೆಯುವ ೨೦೧೭ರ ಕಾಯಿದೆಯು ನಮ್ಮ ರಾಜ್ಯದಲ್ಲಿ ೨೦೨೦ರಲ್ಲಿ ಜಾರಿಗೆ ಬಂದಿತು. ದೆವ್ವ ಬಿಡಿಸುವ ನೆವದಿಂದ ಕಟ್ಟಿ ಹೊಡೆದವನಿಗೆ ಒಂದರಿಂದ ಏಳು ವರುಷಗಳ ವರೆಗೆ ಸೆರೆವಾಸವಾದೀತು. ಮೈಗೆ ನೋವಾಗದ ಪೂಜೆ ಪ್ರಾರ್ಥನೆಗಳಿಗೆ ಅದು ಅಡ್ಡಬರುವದಿಲ್ಲ. ದೆವ್ವ ಉಂಟೋ ಇಲ್ಲವೋ ಎಂಬ ವಾದಕ್ಕೆ ಕೈಹಾಕದೆ ಮೈಯನ್ನು ಕಾಯುವ ಈ ಕ್ರಮವು ನಮಗೆ ಬುದ್ಧಿಯುಳ್ಳದ್ದಾಗಿ ತೋರುವದು. ೨೦೦೧ನೇ ಆಗಸ್ಟ್ ೬ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಸರಪಣಿಯಿಂದ ಕಟ್ಟಿದ್ದ ಮನೋರೋಗಿಗಳು ೨೫ಕ್ಕೂ ಹೆಚ್ಚು ಮಂದಿ ಬೆಂಕಿಯಲ್ಲಿ ಬೆಂದು ಸತ್ತರು. ಓಡಲಾರದೆ ಸಿಕ್ಕಿಬಿದ್ದವರು ಮನುಷ್ಯರೇ.

ಆಪ್ತಮಿತ್ರ ಎಂಬ ೨೦೦೪ರ ಚಲಚ್ಚಿತ್ರದಲ್ಲಿ ವೈದ್ಯನೂ ಆಚಾರ್ಯನೂ ಕೂಡಿ ಹೆಂಗಸನ್ನು ಉಳಿಸುವರು. ನಮ್ಮ ಹಳ್ಳಿಗಳಲ್ಲಿ ಆ ಜೋಡಿ ಅಪರೂಪ. ಧಾರವಾಡದ ಮಾನಸಿಕ ಆಸ್ಪತ್ರೆಯ ನೆನಪಾಗುವದು ಎಲ್ಲಾ ಮುಗಿದ ಮೇಲೆ.

ಗೆರಸೇನರ ಸೀಮೆಯವನನ್ನು ಜನರು ಸರಪಣಿಯಿಂದ ಬಿಗಿದಿದ್ದರೆಂದೂ ಕರ್ತನು ಹೆಸರು ಕೇಳಿದನೆಂದೂ ಮಾರ್ಕನು ಬರೆದಿದ್ದಾನೆ. ಹೊಡೆದನೆಂದು ಬರೆದಿಲ್ಲ. ಇದನ್ನು ಸೆಮಿನರಿಯಲ್ಲಿ ಕಲಿತೂ ನಾವು ನಿರ್ದೋಷಿಗಳಾಗಿ ಉಳಿಯಲಿಲ್ಲ. ಕೆಲವು ವರುಷಗಳ ಹಿಂದೆ ಒಂದು ಪ್ರಾರ್ಥನಾಕೂಟದಲ್ಲಿ ಹಿರಿಯರೊಬ್ಬರು ಒಬ್ಬ ಹುಡುಗಿಯ ಕೆನ್ನೆಗೆ ಹೊಡೆಯುತ್ತ ಗದರಿಸುವಾಗ ಆಕೆಯ ಕೈಗಳನ್ನು ಹಿಡಿದವರು ನಾವೇ. ಆಕೆ ಕೊಸರಿಕೊಂಡಷ್ಟೂ ದೆವ್ವದ ಬಲವೆಂದು ತಿಳಿದು ಬಿಗಿಹಿಡಿದೆವು. ಮರುದಿನ ಆಕೆ ನೀರು ಹೊತ್ತುಕೊಂಡು ಹೋಗುತ್ತ ನಮ್ಮನ್ನು ಕಂಡು ನಿಂತಳು. "ಅಯ್ಯನವರೇ, ನೀವ್ಯಾಕೆ ನನ್ನ ಕೈ ಹಿಡಿದಿರಿ?" ಎಂದಳು. ಕೊಡವನ್ನು ಹಿಡಿದಿದ್ದ ಆಕೆಯ ಮಣಿಕಟ್ಟಿನಲ್ಲಿ ನಮ್ಮ ಬೆರಳುಗಳ ಗುರುತು ಇನ್ನೂ ಇತ್ತು.