ಬಲದ ಕರ್ತೃ ಯಾರು?

ಬಳೇಪೇಟೆಯನ್ನೊಳಗೊಂಡ ಬೆಂಗಳೂರಿನ ಹಳೆಯ ಪೇಟೆಯ ಗರಡಿಮನೆಗಳಲ್ಲಿ, ಕೆಮ್ಮಣ್ಣಿನ ಅಖಾಡವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಆಂಜನೇಯನಿಗೆ ಕೈಮುಗಿದು, ಅನಂತರವೇ ದಂಡ ಬಸ್ಕಿಗಳಿಗೆ ತೊಡಗುವ ಪೈಲ್ವಾನನು, ತನ್ನ ತೋಳಿನ ಬಲವು ತನ್ನೊಬ್ಬನ ಸಂಪಾದನೆಯಲ್ಲವೆಂಬುದನ್ನು ಆಚಾರದಿಂದ ಒಪ್ಪಿಕೊಳ್ಳುತ್ತಾನೆ. ಈ ಒಪ್ಪಿಗೆಯು ಭಕ್ತಿಯ ವಿನಯ ಮಾತ್ರವೋ, ವಸ್ತುಸ್ಥಿತಿಯ ಅರಿವೋ ಎಂಬುದು ವಿಚಾರಾರ್ಹವಾದುದು.

ಭಾರವೆತ್ತಿ ದಣಿದ ಸ್ನಾಯುವಿನಲ್ಲಿ ಪ್ರೋಟೀನಿನ ನಿರ್ಮಾಣವೂ ವಿಘಟನೆಯೂ ಏಕಕಾಲದಲ್ಲಿ ಹೆಚ್ಚುತ್ತವೆ. ಆದರೆ ಸಾಮು ಮುಗಿಸಿ ಉಪವಾಸವಿದ್ದವನಲ್ಲಿ, ನಿರ್ಮಾಣವು ಎಷ್ಟೇ ವೃದ್ಧಿಸಿದರೂ, ಕಳೆದುಹೋಗುವುದೇ ಅಧಿಕವಾಗಿ ಉಳಿಯುತ್ತದೆ. ಶ್ರಮವು ಸ್ನಾಯುವನ್ನು ಪಾತ್ರವಾಗಿಸುತ್ತದೆ. ಆ ಪಾತ್ರವನ್ನು ತುಂಬುವ ಶಕ್ತಿ ಅದಕ್ಕಿಲ್ಲ. ಹಾಗಾದರೆ ಅನ್ನ, ಬೆಲ್ಲ ಮೊದಲಾದ ಶರ್ಕರಪಿಷ್ಟಗಳು ಆ ಕೆಲಸವನ್ನು ಮಾಡುವುವೋ ಎಂದರೆ, ಅವುಗಳಿಂದ ಏರುವ ಇನ್ಸುಲಿನ್ ವಿಘಟನೆಯನ್ನು ತಗ್ಗಿಸುವುದು ನಿಜವಾದರೂ, ಪ್ರಯೋಗದಲ್ಲಿ ಸಾಮಿನ ತರುವಾಯ 100 ಗ್ರಾಂ ಶರ್ಕರಪಿಷ್ಟವನ್ನು ಮಾತ್ರ ಸೇವಿಸಿದವರಲ್ಲಿಯೂ ನಷ್ಟವು ಇಳಿಯಿತೇ ಹೊರತು ಲಾಭವಾಗಿ ತಿರುಗಲಿಲ್ಲ. ಕಟ್ಟುವುದಕ್ಕೆ ಪ್ರೋಟೀನಿನಿಂದ ದೊರೆಯುವ ಅಮೈನೋ ಆಮ್ಲಗಳೇ ಬೇಕು; 25 ಗ್ರಾಂ ಉತ್ತಮ ಪ್ರೋಟೀನು ದೊರೆತ ಮೇಲೆ ಸಕ್ಕರೆಯನ್ನು ಬೆರೆಸಿದರೂ ನಿರ್ಮಾಣವು ಮತ್ತಷ್ಟು ಹೆಚ್ಚಲಿಲ್ಲವೆಂದು ಪ್ರಯೋಗಗಳು ತೋರಿಸಿವೆ. ಶರ್ಕರಪಿಷ್ಟದ ಸ್ವಧರ್ಮವು ಬೇರೆ: ಸ್ನಾಯುವಿನಲ್ಲಿ ವ್ಯಯವಾದ ಗ್ಲೈಕೊಜನ್ ಎಂಬ ಶರ್ಕರಸಂಗ್ರಹವನ್ನು ಮರಳಿ ತುಂಬುವುದು. ಬೆಳಗೂ ಸಂಜೆಯೂ ಸಾಮು ಮಾಡುವವನಿಗೆ ಅದು ಅತ್ಯಾವಶ್ಯಕ. ರಾಮನವಮಿಯಂದು ಬೆಲ್ಲದ ಪಾನಕದೊಡನೆ ಹೆಸರುಬೇಳೆಯ ಕೋಸಂಬರಿಯನ್ನು ಹಂಚುವ ನಮ್ಮ ಬೀದಿಗಳು ಶರ್ಕರಪಿಷ್ಟ ಪ್ರೋಟೀನುಗಳೆರಡನ್ನೂ ಒಂದೇ ಪ್ರಸಾದವಾಗಿ ಕಂಡಿರುವುದು ನನಗೆ ಬಹಳ ಪ್ರಿಯವಾದ ಸಂಗತಿ.

ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ಆರುಣಿಯು ಮಗನಾದ ಶ್ವೇತಕೇತುವಿಗೆ, ಉಂಡ ಅನ್ನದ ಸ್ಥೂಲಾಂಶವು ಮಲವಾಗಿಯೂ ಮಧ್ಯಮಾಂಶವು ಮಾಂಸವಾಗಿಯೂ ಸೂಕ್ಷ್ಮಾಂಶವು ಮನಸ್ಸಾಗಿಯೂ ಪರಿಣಮಿಸುವುದೆಂದು ಬೋಧಿಸುತ್ತಾನೆ. ಇದನ್ನು ಇಂದಿನ ದೇಹಶಾಸ್ತ್ರದೊಡನೆ ಸರಿಹೊಂದಿಸಲು ಹೋಗುವುದು ಎರಡಕ್ಕೂ ಅನ್ಯಾಯ. ಋಷಿಯ ಲಕ್ಷ್ಯವು ಅನ್ಯವಾದುದು. ಹದಿನೈದು ದಿನ ನೀರನ್ನು ಮಾತ್ರ ಕುಡಿದು ಬಂದ ಶ್ವೇತಕೇತುವಿಗೆ, ಕಲಿತ ವೇದಗಳಾವುವೂ ತೋರದೆ, ಉಂಡ ಮೇಲೆ ಎಲ್ಲವೂ ಮರಳಿ ಹೊಳೆದುವು. ವಿದ್ಯಾಗರ್ವದಿಂದ ಮನೆಗೆ ಬಂದಿದ್ದವನಿಗೆ, ತನ್ನದೆಂದುಕೊಂಡ ವಿದ್ಯೆಯೂ ತುತ್ತಿನ ಅಧೀನವೆಂದು ತಿಳಿದುದು ಸಾಮಾನ್ಯವಾದ ಪಾಠವಲ್ಲ. ದೇಹ ಮನಸ್ಸುಗಳ ಈ ಏಕಮೂಲತ್ವಕ್ಕೆ ನಮ್ಮ ನಗರದಲ್ಲಿಯೇ ನಿದರ್ಶನವುಂಟು: ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದ ಕೆ. ವಿ. ಅಯ್ಯರರೇ ‘ಶಾಂತಲಾ’ ಕಾದಂಬರಿಯ ಕರ್ತೃಗಳು.

ಆದುದರಿಂದ ‘ನಾನು ಬಲವನ್ನು ಗಳಿಸಿದೆ’ ಎಂಬ ಮಾತಿನಲ್ಲಿ ‘ನಾನು’ ಎಂಬುದು ನಿಲ್ಲುವ ನೆಲೆ ಬಹು ಕಿರಿದು. ಶ್ರಮವಿಲ್ಲದೆ ಬಲವಿಲ್ಲ, ನಿಜ. ಆದರೆ ಶ್ರಮಿಸಿದವನು ಕೈಯೊಡ್ಡಲೇಬೇಕು, ನೆಲಕ್ಕೂ ಮಳೆಗೂ, ಉತ್ತವನಿಗೂ, ಅಟ್ಟು ಬಡಿಸಿದವಳಿಗೂ. ಅನ್ನವೇ ಕರ್ತೃವೆಂದರೆ ಅದೂ ಪೂರ್ಣವಲ್ಲ. ಶ್ರಮಿಸದ ತೋಳಿಗೆ ಎಷ್ಟು ಉಣಿಸಿದರೂ ಪೈಲ್ವಾನನ ಬಲವು ಬಾರದು. ತೈತ್ತಿರೀಯೋಪನಿಷತ್ತಿನ ಭೃಗುವೂ ಅನ್ನವೇ ಬ್ರಹ್ಮವೆಂದು ಮೊದಲು ಅರಿತು, ಅಲ್ಲಿ ನಿಲ್ಲದೆ ಮತ್ತೆ ಮತ್ತೆ ತಪಸ್ಸಿಗೆ ತೆರಳಿ, ಪ್ರಾಣ ಮನಸ್ಸು ವಿಜ್ಞಾನಗಳನ್ನು ದಾಟಿ ಆನಂದವನ್ನು ಮುಟ್ಟಿದನು. ಅಷ್ಟೆತ್ತರಕ್ಕೆ ಏರಿಸಿದ ಆ ಉಪನಿಷತ್ತೇ ಮರುಕ್ಷಣದಲ್ಲಿ ಕೆಳಗಿಳಿದು, ಅನ್ನವನ್ನು ನಿಂದಿಸದಿರುವುದನ್ನು ವ್ರತವಾಗಿ ವಿಧಿಸುತ್ತದೆ.